ಗ್ರಂಥಾಲಯದ ಕಾರ್ಡಿನಲ್ಲಿ ವಂಶಾವಳಿ ಹುಡುಕಾಟ: ಚಂದಾ ಕಟ್ಟದೆ ಎಲ್ಲಿಯವರೆಗೆ ಹೋಗಬಹುದು?

ಬೇರುಬಿಳಲು:

ನನ್ನ ಪತ್ನಿಯ ತಂದೆಯ ಮನೆತನದವರು ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಬಂದವರು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿದೆ. ಇಂಗ್ಲೆಂಡಿನ ಯಾವ ಊರಿನಿಂದ ಬಂದವರು ಎಂಬುದು ಮಾತ್ರ ಯಾರಿಗೂ ತಿಳಿದಿಲ್ಲ. ಅವರ ಮುತ್ತಜ್ಜ ಮೊದಲು ಬಂದರಂತೆ, ಕೆಲವು ವರ್ಷಗಳ ನಂತರ ಅವರ ತಮ್ಮನೂ ಬಂದರಂತೆ. ಕೈಯಲ್ಲಿರುವುದು ಇಬ್ಬರ ಹೆಸರು, ಅಂದಾಜು ವಯಸ್ಸು ಮತ್ತು ಅವರು ನೆಲೆಸಿದ ಕೌಂಟಿಯ ಹೆಸರು, ಇಷ್ಟೇ.

ಆ್ಯನ್‌ಸೆಸ್ಟ್ರಿ, ಫೈಂಡ್‌ಮೈಪಾಸ್ಟ್, ಮೈಹೆರಿಟೇಜ್ ಎಂಬ ವಂಶಾವಳಿ ತಾಣಗಳು, ಹಳೆಯ ಪತ್ರಿಕೆಗಳ ತಾಣಗಳು ಹೀಗೆ ಒಂದೊಂದಕ್ಕೂ ಬೇರೆ ಬೇರೆ ಚಂದಾ ಕಟ್ಟುತ್ತಾ ಹೋದರೆ ವರ್ಷದ ಕೊನೆಗೆ ಅದು ಸಣ್ಣ ಮೊತ್ತವಾಗಿ ಉಳಿಯುವುದಿಲ್ಲ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇವನ್ನೆಲ್ಲ ಉಚಿತವಾಗಿ ನೋಡಬಹುದು ಎಂದು ಕೇಳಿದ್ದೇನೆ. ಅಲ್ಲಿ ಸಿಗುವುದು ಚಂದಾದಾರರಿಗೆ ಸಿಗುವಷ್ಟೇ ಆಗಿರುತ್ತದೆಯೇ, ಮನೆಯಿಂದಲೇ ಬಳಸಲು ಸಾಧ್ಯವೇ, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಓದುಕೋಣೆ:

ಬೇರುಬಿಳಲು ಅವರೇ, ನಾನು ಸಾರ್ವಜನಿಕ ಗ್ರಂಥಾಲಯವೊಂದರ ಪರಾಮರ್ಶನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ನಮ್ಮ ಮೇಜಿನ ಮುಂದೆ ಆಗಾಗ ಬರುತ್ತಿರುತ್ತದೆ.

ಮೊದಲು ತಿಳಿಯಬೇಕಾದದ್ದು ಇದು: ಮನೆಯ ಚಂದಾದಾರರಿಗೆ ಮಾರುವ ಆವೃತ್ತಿಯೇ ಬೇರೆ, ಗ್ರಂಥಾಲಯಗಳಿಗೆ ಮಾರುವ ಆವೃತ್ತಿಯೇ ಬೇರೆ. ಆ್ಯನ್‌ಸೆಸ್ಟ್ರಿ ಲೈಬ್ರರಿ ಎಡಿಷನ್ ಎಂಬುದನ್ನು ಪ್ರೋಕ್ವೆಸ್ಟ್ ಸಂಸ್ಥೆ ಗ್ರಂಥಾಲಯಗಳಿಗೆ ಒದಗಿಸುತ್ತದೆ. ಅದರಲ್ಲಿ ಜನಗಣತಿ, ಹಡಗಿನ ಪ್ರಯಾಣಿಕರ ಪಟ್ಟಿ, ಸೇನಾ ದಾಖಲೆ, ಉಯಿಲು ಮೊದಲಾದ ಮೂಲ ದಾಖಲೆಗಳ ಬಹುಭಾಗ ಇರುತ್ತದೆ. ಆದರೆ ನಿಮ್ಮದೇ ವಂಶವೃಕ್ಷವನ್ನು ಕಟ್ಟಿ ಉಳಿಸಿಡುವುದು, 'ಈ ದಾಖಲೆ ನಿಮ್ಮವರದಿರಬಹುದು' ಎಂದು ತಾಣವೇ ಕೊಡುವ ಸುಳಿವುಗಳು, ಡಿಎನ್‌ಎ ಪರೀಕ್ಷೆಯ ಫಲಿತಾಂಶ ಇವು ಇರುವುದಿಲ್ಲ. ಇನ್ನೊಂದು ಮುಖ್ಯ ಕಟ್ಟುಪಾಡೆಂದರೆ, ಸಾಮಾನ್ಯವಾಗಿ ಇದನ್ನು ಗ್ರಂಥಾಲಯದ ಕಟ್ಟಡದೊಳಗೆ ಮಾತ್ರ ಬಳಸಬಹುದು. 2020ರಲ್ಲಿ ಕೋವಿಡ್‌ನಿಂದಾಗಿ ಗ್ರಂಥಾಲಯಗಳು ಮುಚ್ಚಿದಾಗ ಮನೆಯಿಂದ ಬಳಸಲು ತಾತ್ಕಾಲಿಕ ಅವಕಾಶ ಕೊಟ್ಟಿದ್ದರು, ಆಮೇಲೆ ಅದನ್ನು ಹಿಂತೆಗೆದುಕೊಂಡರು. ಆ ಅವಧಿಯ ಬರಹಗಳು ಅಂತರ್ಜಾಲದಲ್ಲಿ ಇನ್ನೂ ಹಾಗೆಯೇ ಇರುವುದರಿಂದ 'ಮನೆಯಿಂದಲೇ ಸಿಗುತ್ತದಲ್ಲ' ಎಂದು ವಾದಿಸುತ್ತಾ ಬರುವವರು ಈಗಲೂ ಇದ್ದಾರೆ.

ಮನೆಯಿಂದಲೇ ಬಳಸಬಹುದಾದದ್ದು ಹೆರಿಟೇಜ್‌ಕ್ವೆಸ್ಟ್ ಆನ್‌ಲೈನ್. ಅಮೆರಿಕದ ಜನಗಣತಿ 1790ರಿಂದ ಮುಂದಕ್ಕೆ ಅದರಲ್ಲಿದೆ. ಜೊತೆಗೆ ನಗರ ಡೈರೆಕ್ಟರಿಗಳು, ಸ್ಥಳೀಯ ಇತಿಹಾಸದ ಹಳೆಯ ಪುಸ್ತಕಗಳು, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರ ಪಿಂಚಣಿ ಕಡತಗಳು, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಇದ್ದ ಫ್ರೀಡ್‌ಮನ್ಸ್ ಬ್ಯಾಂಕಿನ ದಾಖಲೆಗಳು ಇವೆ. ನಿಮ್ಮ ಗ್ರಂಥಾಲಯ ಅದಕ್ಕೆ ಚಂದಾ ಕಟ್ಟಿದ್ದರೆ, ಕಾರ್ಡಿನ ಸಂಖ್ಯೆ ಮತ್ತು ಪಿನ್ ಹಾಕಿ ಮನೆಯ ಕಂಪ್ಯೂಟರಿನಿಂದಲೇ ಒಳಗೆ ಹೋಗಬಹುದು. ಗಮನಿಸಿ, ನೇರವಾಗಿ ಆ ತಾಣದ ವಿಳಾಸಕ್ಕೆ ಹೋದರೆ ಪ್ರಯೋಜನವಿಲ್ಲ; ಗ್ರಂಥಾಲಯದ ಜಾಲತಾಣದಲ್ಲಿ ಡೇಟಾಬೇಸ್‌ಗಳ ಪಟ್ಟಿಯಿರುವ ಪುಟದ ಮೂಲಕವೇ ಹೋಗಬೇಕು. ಆ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕದಲ್ಲಿ 'ಗ್ರಂಥಾಲಯದಲ್ಲಿ ಮಾತ್ರ' ಅಥವಾ 'ಮನೆಯಿಂದಲೂ' ಎಂದು ಬರೆದಿರುತ್ತಾರೆ.

ಸೇನಾ ದಾಖಲೆಗಳ ತಾಣವಾದ ಫೋಲ್ಡ್3, ಮೈಹೆರಿಟೇಜ್, ನ್ಯೂಸ್‌ಪೇಪರ್ಸ್ ಡಾಟ್ ಕಾಮ್ ಇವುಗಳಿಗೂ ಗ್ರಂಥಾಲಯದ ಆವೃತ್ತಿಗಳಿವೆ. ಯಾವ ಗ್ರಂಥಾಲಯ ಯಾವುದನ್ನು ಕೊಂಡಿದೆ ಎಂಬುದು ಅದರ ಬಜೆಟ್ಟಿಗೆ ಬಿಟ್ಟ ವಿಷಯ.

ಹಳೇಪುಟ:

ಓದುಕೋಣೆ ಅವರು ಹೇಳಿದ್ದಕ್ಕೆ ಒಂದು ಸೇರ್ಪಡೆ ಇದೆ. ನನ್ನ ಅಭಿಪ್ರಾಯದಲ್ಲಿ ಕೈಯಲ್ಲಿ ಕಾಸಿಲ್ಲದೆ ಹುಡುಕುವವರಿಗೆ ಇದೇ ಎಲ್ಲಕ್ಕಿಂತ ದೊಡ್ಡ ಬಾಗಿಲು.

ಫ್ಯಾಮಿಲಿಸರ್ಚ್ ಎಂಬ ತಾಣ ಎಲ್ಲರಿಗೂ ಉಚಿತ. ಅದನ್ನು ನಡೆಸುವ ಸಂಸ್ಥೆ ಹಿಂದೆ ಪ್ರಪಂಚದ ಅನೇಕ ದೇಶಗಳ ಚರ್ಚು, ನ್ಯಾಯಾಲಯ, ನೋಂದಣಿ ಕಚೇರಿಗಳ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಟ್ಟುಕೊಂಡಿತ್ತು. ಬೇಕಾದವರು ಸುರುಳಿಯನ್ನು ತಮ್ಮ ಊರಿನ ಕೇಂದ್ರಕ್ಕೆ ಎರವಲು ತರಿಸಿಕೊಂಡು ನೋಡುತ್ತಿದ್ದರು. ಆ ಎರವಲು ವ್ಯವಸ್ಥೆಯನ್ನು 2017ರಲ್ಲಿ ನಿಲ್ಲಿಸಿ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ಆದರೆ ಮೂಲ ದಾಖಲೆಯ ಒಡೆತನ ಇರುವವರು ಹಾಕಿದ ಷರತ್ತಿನಿಂದಾಗಿ ದಾಖಲೆ ಪುಟಗಳ ಎಷ್ಟೋ ಚಿತ್ರಗಳು ಮನೆಯಲ್ಲಿ ತೆರೆದುಕೊಳ್ಳುವುದಿಲ್ಲ. ಕ್ಯಾಮೆರಾದ ಚಿಹ್ನೆಯ ಮೇಲೆ ಕೀಲಿಕೈಯ ಗುರುತು ಕಾಣಿಸುತ್ತದೆ. ಅದನ್ನು ನೋಡಿ ಬಹಳ ಜನ 'ಇದು ಹಣ ಕೊಟ್ಟವರಿಗೆ' ಎಂದುಕೊಂಡು ಹಿಂದೆ ಸರಿಯುತ್ತಾರೆ. ಹಾಗಲ್ಲ, ಆ ಗುರುತು ಹೇಳುತ್ತಿರುವುದು ಸ್ಥಳದ ನಿರ್ಬಂಧವನ್ನು ಮಾತ್ರ. ಫ್ಯಾಮಿಲಿಸರ್ಚ್‌ನ ಸಹಯೋಗಿ ಗ್ರಂಥಾಲಯವೆಂದು ನೋಂದಾಯಿಸಿಕೊಂಡ ಸಾರ್ವಜನಿಕ ಗ್ರಂಥಾಲಯದೊಳಗೆ ಹೋಗಿ, ಅಲ್ಲಿನ ಜಾಲಕ್ಕೆ ಸೇರಿಕೊಂಡು, ನಿಮ್ಮ ಉಚಿತ ಖಾತೆಯಿಂದಲೇ ಲಾಗಿನ್ ಆದರೆ ಅಂತಹ ಚಿತ್ರಗಳಲ್ಲಿ ಬಹುಪಾಲು ತೆರೆದುಕೊಳ್ಳುತ್ತವೆ. ನಿಮ್ಮ ಹತ್ತಿರದ ಗ್ರಂಥಾಲಯ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅದೇ ತಾಣದಲ್ಲಿ ನಕ್ಷೆಯ ಮೂಲಕ ನೋಡಬಹುದು.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು, ಹುಡುಕುವ ಕೆಲಸವನ್ನು ಮನೆಯಲ್ಲಿ ಮುಗಿಸಿ, ನೋಡುವ ಕೆಲಸಕ್ಕೆ ಮಾತ್ರ ಗ್ರಂಥಾಲಯಕ್ಕೆ ಹೋಗಿ. ಯಾರ ಹೆಸರು ಯಾವ ದಾಖಲೆಯಲ್ಲಿದೆ ಎಂದು ತೋರಿಸುವ ಸೂಚಿಗಳು ಬಹುಮಟ್ಟಿಗೆ ಉಚಿತವಾಗಿವೆ, ಹಣದ ಬೇಲಿ ಇರುವುದು ಹೆಚ್ಚಾಗಿ ಮೂಲ ಪುಟದ ಚಿತ್ರದ ಸುತ್ತ. ಸೂಚಿಯಲ್ಲಿ ಸಿಕ್ಕ ಹೆಸರಿನ ಜೊತೆ ವರ್ಷ, ರಾಜ್ಯ, ಕೌಂಟಿ, ಗಣತಿ ವಿಭಾಗದ ಸಂಖ್ಯೆ, ಹಾಳೆಯ ಸಂಖ್ಯೆ, ಸಾಲಿನ ಸಂಖ್ಯೆ, ಚಿತ್ರಗಳ ಕಟ್ಟಿನ ಸಂಖ್ಯೆ ಇಷ್ಟನ್ನೂ ಬರೆದುಕೊಂಡು ಹೋದರೆ, ಗ್ರಂಥಾಲಯದ ಕಂಪ್ಯೂಟರಿನ ಮುಂದೆ ನಿಮಗೆ ಕೊಡುವ ಸೀಮಿತ ಅವಧಿಯಲ್ಲಿ ಒಂದಾದ ಮೇಲೊಂದು ಚಿತ್ರ ಇಳಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ಅಲ್ಲಿ ಕೂತು 'ಹೆಸರಿನಲ್ಲಿ ಯಾವ ಅಕ್ಷರ ಇತ್ತಪ್ಪಾ' ಎಂದು ಯೋಚಿಸಲು ಆರಂಭಿಸಿದವರ ಮಧ್ಯಾಹ್ನ ಹಾಗೆಯೇ ಕಳೆದುಹೋಗುತ್ತದೆ.

ಚಂದಾದಾರ:

ಎಲ್ಲರೂ ಒಂದೇ ಕಡೆ ವಾಲುತ್ತಿರುವುದರಿಂದ ಇನ್ನೊಂದು ಪಕ್ಷವನ್ನೂ ಹೇಳಿಬಿಡುತ್ತೇನೆ. ಗ್ರಂಥಾಲಯ ಉಚಿತ ನಿಜ, ಆದರೆ ಹೋಗಿಬರುವ ಸಮಯ, ಕೆಲಸದ ವೇಳೆಗೆ ಹೊಂದದ ಅವರ ವೇಳೆ, ಕಂಪ್ಯೂಟರಿಗಾಗಿ ಕಾಯುವುದು ಇವೆಲ್ಲಕ್ಕೂ ಬೆಲೆ ಇದೆ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಬಿಡುವು ಸಿಗುವವರು ಏನು ಮಾಡಬೇಕು? ತಾಣ ತಾನಾಗಿಯೇ ಕೊಡುವ ಸುಳಿವುಗಳನ್ನು ಸುಮ್ಮನೆ ತಳ್ಳಿಹಾಕಬೇಡಿ. ನನಗೆ ಗೊತ್ತೇ ಇಲ್ಲದಿದ್ದ ಒಂದು ಮರುಮದುವೆ ಅಂತಹ ಸುಳಿವಿನಿಂದಲೇ ಸಿಕ್ಕಿತು. ಆರು ತಿಂಗಳು ಸೂಚಿಗಳನ್ನು ಸಂಗ್ರಹಿಸಿಟ್ಟುಕೊಂಡು ಒಂದೇ ಒಂದು ತಿಂಗಳಿಗೆ ಚಂದಾ ಕಟ್ಟಿ, ಆ ತಿಂಗಳಲ್ಲಿ ಎಲ್ಲವನ್ನೂ ಇಳಿಸಿಕೊಂಡು ಚಂದಾ ನಿಲ್ಲಿಸುವವರೂ ಇದ್ದಾರೆ. ಅದು ದುಬಾರಿ ಮಾರ್ಗವೇನಲ್ಲ. ತಾನಾಗಿಯೇ ನವೀಕರಣವಾಗುವ ಆಯ್ಕೆಯನ್ನು ಚಂದಾ ಕಟ್ಟಿದ ದಿನವೇ ತೆಗೆದುಹಾಕಬೇಕು, ಅಷ್ಟೇ.

ಹಳೇಪುಟ:

ಒಂದು ತಿಂಗಳ ಉಪಾಯವನ್ನು ನಾನು ವಿರೋಧಿಸುವುದಿಲ್ಲ. ಸುಳಿವುಗಳ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. ಅವುಗಳಲ್ಲಿ ಒಂದು ಪಾಲು ಬೇರೆ ಬಳಕೆದಾರರು ಕಟ್ಟಿದ ವಂಶವೃಕ್ಷಗಳಿಂದ ಬರುತ್ತದೆ. ಒಬ್ಬರು ಆಧಾರವಿಲ್ಲದೆ ಸೇರಿಸಿದ ತಂದೆಯ ಹೆಸರನ್ನು ಹತ್ತಾರು ಮಂದಿ ನಕಲು ಮಾಡಿಕೊಂಡರೆ ಅದು ಹತ್ತಾರು ಸಾಕ್ಷಿಗಳಂತೆ ತೋರುತ್ತದೆ. ಗ್ರಂಥಾಲಯದ ಆವೃತ್ತಿಯಲ್ಲಿ ಸುಳಿವು ಇಲ್ಲದಿರುವುದನ್ನು ಕೊರತೆ ಎಂದು ನಾನು ಒಪ್ಪುವುದು ಅರ್ಧ ಮನಸ್ಸಿನಿಂದ; ಹೊಸಬರು ಮೂಲ ದಾಖಲೆಯನ್ನು ಓದಿ ತಾವೇ ನಿರ್ಧರಿಸುವುದನ್ನು ಅದು ಕಲಿಸುತ್ತದೆ.

ಚಂದಾದಾರ:

ಸುಳಿವನ್ನು ಪರಿಶೀಲಿಸದೆ ನುಂಗುವುದು ಓದುಗನ ದೋಷವೇ ಹೊರತು ಸುಳಿವಿನದಲ್ಲ. ಇರಲಿ, ಬೇರುಬಿಳಲು ಅವರು ಎಲ್ಲಿಯವರೆಗೆ ಬಂದರು ಎಂಬುದನ್ನು ಕೇಳೋಣ.

ಬೇರುಬಿಳಲು:

ಎಲ್ಲರಿಗೂ ಧನ್ಯವಾದಗಳು. ಹಳೇಪುಟ ಅವರ ಸಲಹೆಯಂತೆ ಮನೆಯಲ್ಲಿ ಸೂಚಿ ನೋಡಿ, ವಿವರ ಬರೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಮುತ್ತಜ್ಜನ ಕುಟುಂಬ 1900ರ ಅಮೆರಿಕದ ಜನಗಣತಿಯಲ್ಲಿ ಸಿಕ್ಕಿತು.

ಸೂಚಿಗೂ ಮೂಲ ಹಾಳೆಗೂ ಇರುವ ಅಂತರ ಅದನ್ನು ತೆರೆದಾಗಲೇ ಅರ್ಥವಾದದ್ದು. ಸೂಚಿಯಲ್ಲಿ ಹೆಸರು, ವಯಸ್ಸು, ಜನ್ಮಸ್ಥಳ ಇಷ್ಟೇ ಇತ್ತು. ಹಾಳೆಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ತಿಂಗಳು ಮತ್ತು ವರ್ಷ, ಮದುವೆಯಾಗಿ ಎಷ್ಟು ವರ್ಷ ಆಯಿತು, ತಾಯಿಗೆ ಎಷ್ಟು ಮಕ್ಕಳು ಹುಟ್ಟಿದರು, ಅವರಲ್ಲಿ ಎಷ್ಟು ಮಂದಿ ಬದುಕಿದ್ದಾರೆ ಎಂಬ ಅಂಕಣಗಳಿವೆ. ಮುತ್ತಜ್ಜಿಯ ಸಾಲಿನಲ್ಲಿ ಹುಟ್ಟಿದ ಮಕ್ಕಳು 6, ಉಳಿದವರು 4 ಎಂದು ಬರೆದಿದೆ. ಮನೆಯಲ್ಲಿ ಯಾರೂ ಆ ಇಬ್ಬರು ಮಕ್ಕಳ ಬಗ್ಗೆ ಕೇಳಿರಲಿಲ್ಲ. ಮುತ್ತಜ್ಜನ ಸಾಲಿನಲ್ಲಿ ವಲಸೆ ಬಂದ ವರ್ಷ 1888 ಎಂದೂ, ಅದರ ಮುಂದಿನ ಅಂಕಣವೊಂದರಲ್ಲಿ 'ಎನ್‌ಎ' ಎಂದೂ ಇದೆ. ಜನ್ಮಸ್ಥಳದ ಅಂಕಣದಲ್ಲಿ 'ಇಂಗ್ಲೆಂಡ್' ಎಂದು ಬಿಟ್ಟರೆ ಬೇರೇನೂ ಇಲ್ಲ, ಹಾಗಾಗಿ ನನ್ನ ಮೂಲ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ.

ಎರಡು ಸಂದೇಹಗಳು: 'ಎನ್‌ಎ' ಎಂದರೇನು? 1890ರ ಗಣತಿಯಲ್ಲಿ ಎಷ್ಟು ಹುಡುಕಿದರೂ ಇವರ ಹೆಸರು ಸಿಗದಿರಲು ಕಾರಣವೇನು?

ಹಳೇಪುಟ:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. 1890ರ ಅಮೆರಿಕದ ಗಣತಿಯ ಹಾಳೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಳಾಗಿವೆ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಸುಟ್ಟದ್ದು ಸ್ವಲ್ಪ, ಬೆಂಕಿ ನಂದಿಸಲು ಬಿಟ್ಟ ನೀರಿನಿಂದ ಕೆಟ್ಟದ್ದು ಬಹಳ. ಅಳಿದುಳಿದದ್ದನ್ನೂ ಮುಂದೆ ಸರ್ಕಾರವೇ ವಿಲೇವಾರಿ ಮಾಡಿತು. ಇದನ್ನು ಒತ್ತಿ ಹೇಳಲು ಕಾರಣವಿದೆ: ದೊಡ್ಡ ಚಂದಾ ಕಟ್ಟಿದರೆ ಅದು ಸಿಕ್ಕೀತು ಎಂದು ಯಾರೂ ಭ್ರಮಿಸಬಾರದು. ಇಲ್ಲದ ದಾಖಲೆಯನ್ನು ಯಾವ ತಾಣವೂ ಮಾರಲಾರದು.

ಆ ಹಳ್ಳವನ್ನು ದಾಟಲು ಇರುವುದು ನಗರ ಡೈರೆಕ್ಟರಿಗಳು. ಊರಿನ ನಿವಾಸಿಗಳ ಹೆಸರು, ಕಸುಬು, ವಿಳಾಸಗಳನ್ನು ಸಾಮಾನ್ಯವಾಗಿ ವರ್ಷ ವರ್ಷವೂ ಅಚ್ಚು ಹಾಕಿಸುತ್ತಿದ್ದ ಪುಸ್ತಕಗಳಿವು. ಹೆರಿಟೇಜ್‌ಕ್ವೆಸ್ಟ್‌ನಲ್ಲಿ ಬಹಳಷ್ಟಿವೆ, ಮನೆಯಿಂದಲೇ ನೋಡಬಹುದು. 1888ರಿಂದ 1900ರವರೆಗೆ ಒಂದೊಂದಾಗಿ ತೆಗೆದು ನೋಡಿ. ಒಂದೇ ವಿಳಾಸದಲ್ಲಿ ಅದೇ ಕುಲನಾಮದ ಇನ್ನೊಬ್ಬರು ಕಾಣಿಸಿಕೊಂಡರೆ ಅದು ತಮ್ಮನೋ ಅಣ್ಣನೋ ಇರಬಹುದು.

'ಎನ್‌ಎ' ಎಂದರೆ ಪೌರತ್ವ ಪಡೆದವರು. 'ಪಿಎ' ಎಂದಿದ್ದರೆ ಪೌರತ್ವಕ್ಕೆ ಮೊದಲ ಅರ್ಜಿ ಹಾಕಿದವರು, 'ಎಎಲ್' ಎಂದಿದ್ದರೆ ಇನ್ನೂ ವಿದೇಶಿ ಪ್ರಜೆ. ನಿಮ್ಮ ಮುತ್ತಜ್ಜ 1900ಕ್ಕೆ ಮುಂಚೆಯೇ ಪೌರರಾಗಿದ್ದರು ಎಂದಾಯಿತು, ಮತ್ತು ಇದು ನಿಮಗೆ ಅಷ್ಟೇನೂ ಒಳ್ಳೆಯ ಸುದ್ದಿಯಲ್ಲ. 1906ರ ಸೆಪ್ಟೆಂಬರಿನಲ್ಲಿ ಹೊಸ ಕಾನೂನು ಜಾರಿಗೆ ಬಂದ ಮೇಲೆ ಪೌರತ್ವದ ಕಾಗದಗಳಲ್ಲಿ ಜನ್ಮದಿನಾಂಕ, ಜನ್ಮಸ್ಥಳ, ಹಡಗಿನ ಹೆಸರು ಎಲ್ಲವನ್ನೂ ಕೇಳತೊಡಗಿದರು. ಅದಕ್ಕೂ ಹಿಂದಿನವು ಆಯಾ ಊರಿನ ನ್ಯಾಯಾಲಯಗಳಲ್ಲಿ ಆಯಾ ಗುಮಾಸ್ತರು ತಮಗೆ ತೋಚಿದಂತೆ ಬರೆದವು; ಎಷ್ಟೋ ಕಾಗದಗಳಲ್ಲಿ 'ವಿಕ್ಟೋರಿಯಾ ರಾಣಿಗೆ ಇದ್ದ ನಿಷ್ಠೆಯನ್ನು ತ್ಯಜಿಸಿದ್ದೇನೆ' ಎಂಬುದಕ್ಕಿಂತ ಹೆಚ್ಚಿನ ಮಾಹಿತಿ ಇರುವುದಿಲ್ಲ. ನೋಡುವುದನ್ನು ಬಿಡಬೇಡಿ, ಹೆಚ್ಚು ನಿರೀಕ್ಷೆಯನ್ನೂ ಇಟ್ಟುಕೊಳ್ಳಬೇಡಿ.

ಸಾಗರದಾಚೆ:

ನಾನು ಇಂಗ್ಲೆಂಡಿನಲ್ಲಿ ನೆಲೆಸಿರುವುದರಿಂದ ಈ ಕಡೆಯ ಸ್ಥಿತಿಯನ್ನು ಹೇಳುತ್ತೇನೆ. ಇಲ್ಲಿನ ಬಹಳಷ್ಟು ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರುಗಳಲ್ಲಿ ಆ್ಯನ್‌ಸೆಸ್ಟ್ರಿ ಅಥವಾ ಫೈಂಡ್‌ಮೈಪಾಸ್ಟ್, ಕೆಲವೆಡೆ ಎರಡೂ, ಉಚಿತವಾಗಿ ಸಿಗುತ್ತವೆ. ಲಂಡನ್ನಿನ ಕ್ಯೂ ಎಂಬ ಪ್ರದೇಶದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಹಾಗೆಯೇ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1921ರ ಜನಗಣತಿ 2022ರ ಜನವರಿ 6ರಂದು ಫೈಂಡ್‌ಮೈಪಾಸ್ಟ್‌ನಲ್ಲಿ ಬಿಡುಗಡೆಯಾದಾಗ ಮನೆಯಲ್ಲಿ ನೋಡುವವರು ಪ್ರತಿ ಚಿತ್ರಕ್ಕೂ ಹಣ ಕೊಡಬೇಕಾಗಿತ್ತು. ಕ್ಯೂನಲ್ಲಿ, ಮ್ಯಾಂಚೆಸ್ಟರಿನ ಕೇಂದ್ರ ಗ್ರಂಥಾಲಯದಲ್ಲಿ ಮತ್ತು ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ನೋಡಿದವರಿಗೆ ಅದೇ ಚಿತ್ರ ಉಚಿತವಾಗಿತ್ತು. ಆ ಗಣತಿಯ ಮಹತ್ವ ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಏಕೆಂದರೆ 1931ರ ಗಣತಿ 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದ ಕಾರಣ ಗಣತಿ ನಡೆಯಲೇ ಇಲ್ಲ. 1921ರ ನಂತರ ಕೈಗೆ ಸಿಗುವುದು 1939ರ ಸೆಪ್ಟೆಂಬರಿನಲ್ಲಿ ಗುರುತಿನ ಚೀಟಿಗಾಗಿ ಮಾಡಿದ ರಾಷ್ಟ್ರೀಯ ನೋಂದಣಿ ಒಂದೇ.

ಜನನ, ಮದುವೆ, ಮರಣಗಳ ಸೂಚಿಗೆ ಗ್ರಂಥಾಲಯದ ಅಗತ್ಯವೂ ಇಲ್ಲ. ಸ್ವಯಂಸೇವಕರು ಸಿದ್ಧಪಡಿಸಿದ ಫ್ರೀಬಿಎಂಡಿ ಸಂಪೂರ್ಣ ಉಚಿತ. ಸಾಮಾನ್ಯ ನೋಂದಣಿ ಕಚೇರಿಯ ಸ್ವಂತ ತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ 1837ರಿಂದ ಆರಂಭವಾಗುವ ಜನನ ಸೂಚಿಯಲ್ಲಿ ತಾಯಿಯ ತವರಿನ ಕುಲನಾಮವೂ ಸಿಗುತ್ತದೆ. ಹಳೆಯ ಮುದ್ರಿತ ಸೂಚಿಗಳಲ್ಲಿ ಅದು 1911ರ ಮಧ್ಯಭಾಗದ ನಂತರವಷ್ಟೇ ಇತ್ತು. ಪ್ರಮಾಣಪತ್ರ ಬೇಕಾದರೆ ಮಾತ್ರ ಹಣ ಕೊಡಬೇಕು.

ಆದರೆ ಬೇರುಬಿಳಲು ಅವರೇ, ಊರಿನ ಹೆಸರು ಸಿಗುವ ಮುನ್ನ ಈ ಕಡೆಗೆ ಬರಬೇಡಿ. ಸಾಮಾನ್ಯ ಕುಲನಾಮವೊಂದನ್ನು ಇಡೀ ಇಂಗ್ಲೆಂಡಿನಲ್ಲಿ ಹುಡುಕಿದರೆ ಅದೇ ಹೆಸರಿನ, ಅದೇ ವಯಸ್ಸಿನ ಹಲವರು ಎದುರಾಗುತ್ತಾರೆ, ಅವರಲ್ಲಿ ನಿಮಗೆ ಇಷ್ಟವಾದವರನ್ನು ನೀವು ಆರಿಸಿಕೊಳ್ಳುತ್ತೀರಿ. ಜನ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲಿಯೇ.

ಐರ್ಲೆಂಡಿನ ಮೂಲದವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 1922ರಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟಾಗ ನಷ್ಟವಾದದ್ದು ಅಪಾರ; ಆದರೆ ಉಳಿದದ್ದರಲ್ಲಿ ಬಹುಭಾಗವನ್ನು ಸರ್ಕಾರವೇ ಉಚಿತವಾಗಿ ಒದಗಿಸಿದೆ. 1901 ಮತ್ತು 1911ರ ಗಣತಿಗಳನ್ನು ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿಯೂ, ಕ್ಯಾಥೊಲಿಕ್ ಚರ್ಚುಗಳ ದಾಖಲೆ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿಯೂ ನೋಡಿ. ಮೊದಲೇ ಉಚಿತವಾಗಿರುವುದಕ್ಕೆ ಚಂದಾ ಕಟ್ಟಿದವರನ್ನು ನಾನು ಕಂಡಿದ್ದೇನೆ.

ಕಪಾಟು:

ಪತ್ರಿಕೆಗಳ ಬಗ್ಗೆ ಯಾರೂ ವಿವರವಾಗಿ ಹೇಳಲಿಲ್ಲ. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಕ್ರಾನಿಕ್ಲಿಂಗ್ ಅಮೆರಿಕ, ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್ ಇವು ಕಾರ್ಡೂ ಇಲ್ಲದೆ ಎಲ್ಲರಿಗೂ ತೆರೆದಿವೆ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದು ಉಚಿತ, ಹೆಚ್ಚಿನ ಪುಟಗಳನ್ನು ತೆರೆಯಲು ಹಣ. ಆದರೆ ಬ್ರಿಟನ್ನಿನ ಅನೇಕ ಗ್ರಂಥಾಲಯಗಳ ಸದಸ್ಯರಿಗೆ ಗೇಲ್ ಸಂಸ್ಥೆಯ ಹಳೆಯ ಪತ್ರಿಕೆಗಳ ಸಂಗ್ರಹ ಮನೆಯಿಂದಲೇ ಸಿಗುತ್ತದೆ.

ಹುಡುಕುವಾಗ ನೆನಪಿಡಬೇಕಾದದ್ದು, ಅಲ್ಲಿ ನೀವು ಹುಡುಕುತ್ತಿರುವುದು ಯಂತ್ರ ಓದಿದ ಅಕ್ಷರಗಳನ್ನು. ಮಾಸಿದ ಅಚ್ಚಿನಲ್ಲಿ 'ಆರ್' ಮತ್ತು 'ಎನ್' ಒತ್ತಾಗಿ ನಿಂತರೆ ಯಂತ್ರಕ್ಕೆ ಅದು 'ಎಂ' ಆಗುತ್ತದೆ. ಪೂರ್ತಿ ಹೆಸರು ಸಿಗದಿದ್ದರೆ ವಿಳಾಸ ಹಾಕಿ ನೋಡಿ, ಕಸುಬು ಹಾಕಿ ನೋಡಿ, ಊರಿನ ಜೊತೆ ಕುಲನಾಮ ಮಾತ್ರ ಹಾಕಿ ನೋಡಿ. ವಿವಾಹಿತ ಮಹಿಳೆಯರನ್ನು ಅಂದಿನ ಪತ್ರಿಕೆಗಳು ಅವರ ಸ್ವಂತ ಹೆಸರಿನಿಂದ ಕರೆದದ್ದು ಕಡಿಮೆ. 'ಶ್ರೀಮತಿ' ಎಂದು ಬರೆದು ಅದರ ಮುಂದೆ ಗಂಡನ ಹೆಸರನ್ನೇ ಹಾಕುತ್ತಿದ್ದರು. ಆದ್ದರಿಂದ ಮುತ್ತಜ್ಜಿಯ ನಿಧನ ವಾರ್ತೆ ಮುತ್ತಜ್ಜನ ಹೆಸರಿನಡಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಊರಿನ ಹೆಸರು ಸಿಗುವ ಸಾಧ್ಯತೆ ಹೆಚ್ಚಾಗಿರುವ ಜಾಗಗಳಲ್ಲಿ ನಿಧನ ವಾರ್ತೆ ಒಂದು. ಮುತ್ತಜ್ಜ ನೆಲೆಸಿದ್ದ ಕೌಂಟಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಮಿಂಚಂಚೆ ಬರೆದು ಹೆಸರು ಮತ್ತು ಮರಣದ ದಿನಾಂಕ ಕೊಟ್ಟರೆ, ಸ್ಥಳೀಯ ಪತ್ರಿಕೆಯ ಮೈಕ್ರೋಫಿಲ್ಮಿನಿಂದ ನಿಧನ ವಾರ್ತೆಯನ್ನು ತೆಗೆದು ಕಳಿಸುವ ಗ್ರಂಥಪಾಲಕರು ಇದ್ದಾರೆ. ಯಾವ ಡೇಟಾಬೇಸಿಗೂ ಸೇರದ ಇಂತಹ ಸಾಮಗ್ರಿ ಸ್ಥಳೀಯ ಇತಿಹಾಸದ ಕೊಠಡಿಗಳಲ್ಲಿ ಬೇಕಾದಷ್ಟಿದೆ.

ಮನೆಮಾತು:

ಸ್ವಲ್ಪ ಪಕ್ಕದ ಪ್ರಶ್ನೆ. ಈ ತಾಣಗಳಲ್ಲಿ ಭಾರತದ ಮೂಲದ ಕುಟುಂಬಗಳಿಗೆ ಏನಾದರೂ ಸಿಗುತ್ತದೆಯೇ, ಅಥವಾ ಎಲ್ಲವೂ ಅವರದ್ದೇ?

ಸಾಗರದಾಚೆ:

ಸಿಗುವುದು ಬಹಳ ಕಡಿಮೆ, ಅದನ್ನು ತಿಳಿದೇ ಸಮಯ ಹಾಕಿ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ, ಆದರೆ ಅವು ಹೆಚ್ಚಾಗಿ ಭಾರತದಲ್ಲಿದ್ದ ಬ್ರಿಟಿಷರ ಮತ್ತು ಕ್ರೈಸ್ತ ಕುಟುಂಬಗಳ ನಾಮಕರಣ, ಮದುವೆ, ಸಮಾಧಿಯ ದಾಖಲೆಗಳು. ಬ್ರಿಟಿಷ್ ಭಾರತದ ಕುಟುಂಬಗಳ ವಂಶಾವಳಿಗೆ ಮೀಸಲಾದ ಫಿಬಿಸ್ ಎಂಬ ಸಂಘದ ತಾಣದಲ್ಲಿ ಅದೇ ಬಗೆಯ ಸೂಚಿಗಳು ಉಚಿತವಾಗಿವೆ. ಹರಿದ್ವಾರದ ಪಂಡಾಗಳು ಬರೆದಿಟ್ಟ ಯಾತ್ರಿಕರ ವಹಿಗಳನ್ನು ಮೈಕ್ರೋಫಿಲ್ಮ್ ಮಾಡಿದ ಸಂಗ್ರಹವೊಂದು ಫ್ಯಾಮಿಲಿಸರ್ಚ್‌ನಲ್ಲಿದೆ. ಹೆಸರು ಹಾಕಿ ಹುಡುಕುವುದಕ್ಕಿಂತ ಪುಟ ತಿರುಗಿಸುತ್ತಾ ಓದಬೇಕಾದ ಸಾಮಗ್ರಿ ಅದು.

ಓದುಕೋಣೆ:

ಬೇರುಬಿಳಲು ಅವರು ಗ್ರಂಥಾಲಯದ ಕಂಪ್ಯೂಟರಿನಿಂದ ಚಿತ್ರಗಳನ್ನು ಹೇಗೆ ತೆಗೆದುಕೊಂಡು ಹೋದರೋ ತಿಳಿಯದು. ಆ್ಯನ್‌ಸೆಸ್ಟ್ರಿಯ ಗ್ರಂಥಾಲಯ ಆವೃತ್ತಿಯಲ್ಲಿ ದಾಖಲೆಯನ್ನು ನಿಮ್ಮ ಮಿಂಚಂಚೆಗೆ ಕಳಿಸುವ ಸೌಲಭ್ಯವಿದೆ, ಮನೆಗೆ ಹೋಗಿ ಆ ಕೊಂಡಿಯಿಂದ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್ ತರುವವರು ಕಡತಕ್ಕೆ ಅಲ್ಲಿಯೇ ಹೆಸರು ಕೊಡಬೇಕು: ವರ್ಷ, ದಾಖಲೆಯ ಬಗೆ, ಕೌಂಟಿ, ಹಾಳೆಯ ಸಂಖ್ಯೆ. ತಾಣ ತಾನಾಗಿ ಕೊಡುವ ಅಂಕಿಗಳ ಸರಣಿಯನ್ನೇ ಉಳಿಸಿಕೊಂಡರೆ ಮನೆಯಲ್ಲಿ ಯಾವುದು ಯಾರದೆಂದು ಹೇಳಲಾಗುವುದಿಲ್ಲ. ಎದ್ದು ಹೋಗುವ ಮುನ್ನ ಎಲ್ಲ ಖಾತೆಗಳಿಂದ ಲಾಗೌಟ್ ಆಗಿ, ಇಳಿಸಿಕೊಂಡ ಕಡತಗಳನ್ನು ಆ ಕಂಪ್ಯೂಟರಿನಿಂದ ಅಳಿಸಿ. ಬದುಕಿರುವ ಸಂಬಂಧಿಕರ ಹೆಸರು, ಜನ್ಮದಿನಾಂಕಗಳಿರುವ ಹಾಳೆ ಮುಂದಿನವರ ಕಣ್ಣಿಗೆ ಬೀಳುವುದು ಸರಿಯಲ್ಲ.

ನಿಮ್ಮ ಊರಿನ ಗ್ರಂಥಾಲಯ ಚಿಕ್ಕದಾಗಿದ್ದು ಏನನ್ನೂ ಕೊಂಡಿರದಿದ್ದರೆ ಅಲ್ಲಿಗೇ ನಿಲ್ಲಬೇಡಿ. ಕೆಲವು ದೊಡ್ಡ ಗ್ರಂಥಾಲಯಗಳು ಇಡೀ ರಾಜ್ಯದ ನಿವಾಸಿಗಳಿಗೆ ಕಾರ್ಡ್ ಕೊಡುತ್ತವೆ. ಬಾಸ್ಟನ್ ಸಾರ್ವಜನಿಕ ಗ್ರಂಥಾಲಯ ಮ್ಯಾಸಚೂಸೆಟ್ಸ್‌ನ ನಿವಾಸಿಗಳಿಗೆ ಉಚಿತ ಇ-ಕಾರ್ಡ್ ಕೊಡುತ್ತದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಉಚಿತ ಸದಸ್ಯತ್ವ ಆ ದೇಶದ ನಿವಾಸಿಗಳೆಲ್ಲರಿಗೂ ಇದ್ದು, ಅದರ ಎಷ್ಟೋ ಡೇಟಾಬೇಸ್‌ಗಳು ಮನೆಯಿಂದಲೇ ತೆರೆಯುತ್ತವೆ. ಹೊರಗಿನವರಿಗೆ ವಾರ್ಷಿಕ ಶುಲ್ಕಕ್ಕೆ ಸದಸ್ಯತ್ವ ಕೊಡುವ ಗ್ರಂಥಾಲಯಗಳೂ ಇವೆ, ಅದನ್ನು ಒಂದು ತಾಣದ ಚಂದಾಕ್ಕೆ ಹೋಲಿಸಿ ನೋಡಿ ನಿರ್ಧರಿಸಬಹುದು.

ಒಳಗಿನ ಒಂದು ವಿಷಯವನ್ನೂ ಹೇಳುತ್ತೇನೆ. ಡೇಟಾಬೇಸನ್ನು ಮುಂದಿನ ವರ್ಷಕ್ಕೆ ನವೀಕರಿಸಬೇಕೇ ಎಂದು ತೀರ್ಮಾನಿಸುವಾಗ ಎಷ್ಟು ಜನ ಬಳಸಿದರು ಎಂಬ ಲೆಕ್ಕವನ್ನು ನಾವು ಮುಂದಿಟ್ಟುಕೊಳ್ಳುತ್ತೇವೆ. ಯಾರೂ ಮುಟ್ಟದಿದ್ದದ್ದು ಮೊದಲು ಹೋಗುತ್ತದೆ. ಬೇಕಾದದ್ದು ಇಲ್ಲದಿದ್ದರೆ ಖರೀದಿ ಸಲಹೆಯ ಅರ್ಜಿಯನ್ನು ತುಂಬಿ ಕೊಡಿ, ಅದನ್ನು ಓದುವವರಿದ್ದಾರೆ.

ಚಂದಾದಾರ:

ಒಪ್ಪಿದೆ. ಈಗ ಮೂಲ ಪ್ರಶ್ನೆಗೆ ಬರೋಣ. ಬೇರುಬಿಳಲು ಅವರೇ, ಮುತ್ತಜ್ಜನನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. 1888ರ ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಇಷ್ಟು ಸಿಕ್ಕರೆ ಅದೇ ಹೆಚ್ಚು. ನ್ಯೂಯಾರ್ಕಿನಲ್ಲಿ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಕೇಂದ್ರ ತೆರೆದದ್ದೇ 1892ರಲ್ಲಿ. ಅವರ ತಮ್ಮ ಯಾವಾಗ ಬಂದರು ಎಂಬುದನ್ನು 1910 ಅಥವಾ 1920ರ ಗಣತಿಯ ವಲಸೆ ಅಂಕಣದಲ್ಲಿ ನೋಡಿ. ಅವರು 1907ರ ನಂತರ ಬಂದಿದ್ದರೆ ನಿಮ್ಮ ಕೆಲಸ ಹಗುರಾಗುತ್ತದೆ, ಏಕೆಂದರೆ ಆ ಹೊತ್ತಿಗೆ ಪ್ರಯಾಣಿಕರ ಪಟ್ಟಿಯಲ್ಲಿ, ಬಿಟ್ಟುಬಂದ ದೇಶದಲ್ಲಿರುವ ಹತ್ತಿರದ ಸಂಬಂಧಿಯ ಹೆಸರು ಮತ್ತು ವಿಳಾಸವನ್ನು ಕೇಳುವ ಅಂಕಣ ಸೇರಿತ್ತು.

ಹಳೇಪುಟ:

ಚಂದಾದಾರ ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ, ಇಂತಹ ಸಂದರ್ಭ ಅಪರೂಪ. ಒಂದೇ ಎಚ್ಚರಿಕೆ: ಆ ಕಾಲದ ಪಟ್ಟಿ ಎರಡು ಪುಟಗಳಿಗೆ ಹರಡಿರುತ್ತದೆ. ಯಾರ ಬಳಿಗೆ ಹೋಗುತ್ತಿದ್ದಾರೆ, ಜನ್ಮಸ್ಥಳ ಯಾವುದು, ಕೈಯಲ್ಲಿ ಎಷ್ಟು ಹಣವಿದೆ ಎಂಬ ವಿವರಗಳು ಎರಡನೆಯ ಪುಟದಲ್ಲಿರುತ್ತವೆ, ಅಲ್ಲಿ ಪ್ರಯಾಣಿಕರ ಹೆಸರು ಮತ್ತೆ ಬರೆದಿರುವುದಿಲ್ಲ. ಮೊದಲ ಪುಟದ ಸಾಲಿನ ಸಂಖ್ಯೆಯನ್ನು ಗುರುತಿಟ್ಟುಕೊಂಡು ಮುಂದಿನ ಚಿತ್ರಕ್ಕೆ ಹೋಗಿ ಅದೇ ಸಾಲನ್ನು ಓದಬೇಕು. ಎಲ್ಲಿಸ್ ದ್ವೀಪದ ಪ್ರತಿಷ್ಠಾನದ ತಾಣದಲ್ಲಿ ಹುಡುಕಾಟ ಉಚಿತ, ಗ್ರಂಥಾಲಯದ ಆ್ಯನ್‌ಸೆಸ್ಟ್ರಿಯಲ್ಲಿಯೂ ಇದೇ ಪಟ್ಟಿಗಳಿವೆ.

ಬೇರುಬಿಳಲು:

ತಮ್ಮ 1909ರಲ್ಲಿ ಬಂದದ್ದು 1920ರ ಗಣತಿಯಿಂದ ತಿಳಿಯಿತು. ಅಲ್ಲಿಂದ ಹಡಗಿನ ಪಟ್ಟಿ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲ ಪುಟದ ಕೊನೆಯಲ್ಲಿ ಹತ್ತಿರದ ಸಂಬಂಧಿ 'ತಂದೆ' ಎಂದು ಬರೆದು, ಹೆಸರು, ಬೀದಿ ಮತ್ತು ಊರನ್ನು ಕೊಟ್ಟಿದ್ದಾರೆ: ಲ್ಯಾಂಕಶೈರಿನ ಓಲ್ಡಂ. ಮುಂದಿನ ಪುಟದ ಅದೇ ಸಾಲಿನಲ್ಲಿ, ಅಣ್ಣನ ಬಳಿಗೆ ಹೋಗುತ್ತಿರುವುದಾಗಿ ನಮ್ಮ ಮುತ್ತಜ್ಜನ ಹೆಸರು ಮತ್ತು ವಿಳಾಸವಿದೆ. ನಗರ ಡೈರೆಕ್ಟರಿಯಲ್ಲಿದ್ದ ವಿಳಾಸವೂ ಅದೇ ಆಗಿರುವುದರಿಂದ ಬೇರೆ ಕುಟುಂಬದ್ದೇನೋ ಎಂಬ ಅನುಮಾನ ಉಳಿಯಲಿಲ್ಲ.

ಸಾಗರದಾಚೆ ಅವರೇ, ಈಗ ಆ ಕಡೆಗೆ ಬರಬಹುದೇ?

ಸಾಗರದಾಚೆ:

ಧಾರಾಳವಾಗಿ ಬನ್ನಿ. 1909ರಲ್ಲಿ ತಂದೆ ಬದುಕಿದ್ದರೆ 1911ರ ಗಣತಿಯಲ್ಲಿ ಅವರು ಓಲ್ಡಂನಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು. ನಿಮ್ಮ ಗ್ರಂಥಾಲಯದ ಆ್ಯನ್‌ಸೆಸ್ಟ್ರಿಯಲ್ಲಿ ಇಂಗ್ಲೆಂಡಿನ ಗಣತಿಗಳೂ ಇವೆ. ಆ ವರ್ಷದ ವಿಶೇಷವೆಂದರೆ ಗಣತಿದಾರರು ನಕಲು ಮಾಡಿದ ಪುಸ್ತಕದ ಬದಲು ಮನೆಯವರೇ ತುಂಬಿದ ಮೂಲ ನಮೂನೆಗಳು ಉಳಿದುಬಂದಿವೆ, ಆದ್ದರಿಂದ ನೀವು ನೋಡಲಿರುವುದು ಬಹುಶಃ ಆ ತಂದೆಯ ಸ್ವಂತ ಕೈಬರಹ. ಮದುವೆಯಾಗಿ ಎಷ್ಟು ವರ್ಷ, ಮಕ್ಕಳೆಷ್ಟು, ತೀರಿಕೊಂಡವರೆಷ್ಟು ಎಂಬುದೂ, ಪ್ರತಿಯೊಬ್ಬರೂ ಹುಟ್ಟಿದ ಊರೂ ಅದರಲ್ಲಿರುತ್ತದೆ. ಅಲ್ಲಿ ಸಿಕ್ಕ ವಯಸ್ಸನ್ನು ಹಿಡಿದು 1881ರ ಗಣತಿಗೆ ಹಿಂದೆ ಹೋಗಿ. ಅದರ ಸೂಚಿ ಫ್ಯಾಮಿಲಿಸರ್ಚ್‌ನಲ್ಲಿ ಉಚಿತವಾಗಿದೆ, ಮನೆಯಲ್ಲಿಯೇ ನೋಡಿಕೊಳ್ಳಬಹುದು. ಅಣ್ಣ ಇನ್ನೂ ವಲಸೆ ಹೋಗದೆ ತಂದೆತಾಯಿಯ ಜೊತೆ ಇದ್ದದ್ದು ಅದರಲ್ಲಿ ಕಾಣಬೇಕು. ಕುಲನಾಮವನ್ನು ಒಂದೇ ಕಾಗುಣಿತದಲ್ಲಿ ಹುಡುಕಬೇಡಿ, ಸಂಶಯವಿರುವ ಅಕ್ಷರದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ.